ಮನೆವಾರ್ತೆಯೂ ದೇಹಾರೋಗ್ಯವೂ

ನಮ್ಮ ಶಾಲೆಯ ಕಛೇರಿಯ ಬೀರುವಿನಲ್ಲಿ ಎರಡು ಪುಸ್ತಕಗಳುಂಟು. ಒಂದು ದಾಖಲಾತಿಯ ರಿಜಿಸ್ಟರು. ಹೊಸದಾಗಿ ಸೇರುವ ಪ್ರತಿಯೊಬ್ಬ ಬಾಲಿಕೆಯ ಹೆಸರಿನ ಎದುರಿಗೆ ತಂದೆಯ ಉದ್ಯೋಗವನ್ನು ಅದರಲ್ಲಿ ಬರೆದುಕೊಳ್ಳುತ್ತೇವೆ: ಬೇಸಾಯ, ಕೂಲಿ, ನೇಕಾರಿಕೆ, ಕುರಿ ಸಾಕಣೆ, ಎಣ್ಣೆ ಗಿರಣಿಯ ಕೆಲಸ, ಅಂಗಡಿ, ಸರ್ಕಾರಿ ನೌಕರಿ. ಮತ್ತೊಂದು ಪುಸ್ತಕದಲ್ಲಿ ವರ್ಷಕ್ಕೆರಡು ಬಾರಿ ಮಕ್ಕಳ ಎತ್ತರ, ತೂಕ, ಹಲ್ಲು, ಕಣ್ಣು ಇವುಗಳ ಸ್ಥಿತಿಯನ್ನು ಬರೆದಿಡುತ್ತೇವೆ. ಈ ಎರಡು ಪುಸ್ತಕಗಳಿಗೂ ಪರಸ್ಪರ ಸಂಬಂಧವಿದೆಯೆಂಬ ವಿಚಾರವು ಬಹುಕಾಲ ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ಒಂದು ಬೇಸಗೆಯ ರಜೆಯಲ್ಲಿ ಇವೆರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದುವ ಸಂದರ್ಭವು ಒದಗಿತು. ಆ ಓದಿನಿಂದ ನಾನು ಕಲಿತದ್ದನ್ನು, ಅದಕ್ಕೆ ಮುಂಚೆ ಕಲಿಯದೆ ಹೋದದ್ದನ್ನೂ, ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಪೂರ್ವ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡಲು ಅಪೇಕ್ಷಿಸುತ್ತೇನೆ.

ಒಟ್ಟಿನ ಮೇಲೆ ನೋಡಿದರೆ ಯಾರಾದರೂ ಊಹಿಸಬಹುದಾದುದೇ ಕಂಡುಬಂದಿತು. ನೌಕರಿಯವರ, ಅಂಗಡಿಯವರ ಮಕ್ಕಳು ತೂಕದಲ್ಲಿ ಮುಂದು. ಕೂಲಿಯವರ ಮಕ್ಕಳು ಹಿಂದು. ಆದರೆ ಸೂಕ್ಷ್ಮವಾಗಿ ನೋಡುತ್ತ ಹೋದಂತೆ ಈ ಸರಳವಾದ ಲೆಕ್ಕವು ತಪ್ಪತೊಡಗಿತು. ಒಂದೇ ಊರಿನ, ಒಂದೇ ಕಸುಬಿನ, ಹೆಚ್ಚುಕಡಿಮೆ ಒಂದೇ ವರಮಾನದ ಎರಡು ಮನೆಗಳಲ್ಲಿ ಒಂದು ಮನೆಯ ಮಗಳು ಗಟ್ಟಿಮುಟ್ಟಾಗಿ ಬೆಳೆದಿದ್ದರೆ ಇನ್ನೊಂದು ಮನೆಯವಳು ಕಡ್ಡಿಯಂತಿದ್ದಳು. ಹೊಲಮನೆ ಬೇಕಾದಷ್ಟಿರುವ ಸ್ಥಿತಿವಂತರ ಮಗಳು, ಅವರ ಹೊಲಕ್ಕೇ ಕೂಲಿಗೆ ಹೋಗುವವಳ ಮಗಳಿಗಿಂತ ತೂಕದಲ್ಲಿ ಕಡಮೆಯಾಗಿದ್ದುದೂ ಉಂಟು. ಹಣವು ನೆಟ್ಟಗೆ ರಕ್ತವಾಗುವುದಿಲ್ಲವೆಂಬುದು ಆಗ ನನಗೆ ಗೋಚರಿಸಿತು. ಅದು ಮೊದಲು ಮನೆಯ ಹೊಸ್ತಿಲನ್ನು ದಾಟಬೇಕು, ಅಲ್ಲಿ ಪಾಲಾಗಬೇಕು. ಯಾರಿಗೆ ಮೊದಲ ಊಟ, ಯಾರಿಗೆ ಯಾವ ನೀರು, ಯಾರ ನಿದ್ರೆಯನ್ನು ಕತ್ತರಿಸಿ ಕೆಲಸ ತೆಗೆಯುವುದು, ಯಾರ ಕಾಯಿಲೆಯು ಕಾಯಿಲೆಯೆಂದು ಎಣಿಕೆಗೆ ಬರುತ್ತದೆ, ಯಾರದು ಸೋಗೆಂದು ತೀರ್ಮಾನವಾಗುತ್ತದೆ ಎಂಬೀ ಪ್ರಶ್ನೆಗಳಿಗೆ ಮನೆಯು ದಿನದಿನವೂ ಕೊಡುವ ಉತ್ತರದ ಮೂಲಕವೇ ವರಮಾನವು ದೇಹವನ್ನು ಮುಟ್ಟುತ್ತದೆ. ಬಡತನವು ಈ ಪಾಲನ್ನು ಕಿರಿದು ಮಾಡುತ್ತದೆ. ಆದರೆ ಆ ಕಿರಿದಾದ ಪಾಲಿನಲ್ಲಿ ಕೊನೆಯ ತುಣುಕು ಯಾರದೆಂದು ಗೊತ್ತುಮಾಡುವುದು ಕುಟುಂಬದ ಪದ್ಧತಿಯೇ.

ನಮ್ಮ ಸೀಮೆಯ ಪರಿಚಯವನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಆದರೆ ಮದುವೆಯಾಗಿ ದೂರ ಹೋದವರ ನೆನಪಿಗಾಗಿ ಎರಡು ಮಾತು. ಚಳ್ಳಕೆರೆಯೂ ಮೊಳಕಾಲ್ಮೂರೂ ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ ಒಣ ತಾಲ್ಲೂಕುಗಳು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನೇ ನಂಬಿ ಜನರು ಶೇಂಗಾ ಬಿತ್ತುವರು. ಆ ಶೇಂಗಾದಿಂದಲೇ ಚಳ್ಳಕೆರೆಗೆ ಎಣ್ಣೆಯ ಪಟ್ಟಣವೆಂಬ ಹೆಸರು ಬಂದಿತು. ಮೊಳಕಾಲ್ಮೂರಿನ ಕಡೆ ರೇಷ್ಮೆಯ ಮಗ್ಗಗಳು. ಅಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮಳೆ ತಪ್ಪಿದ ವರ್ಷ ಗಂಡಸರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವರು. ಮಕ್ಕಳನ್ನು ಅಜ್ಜಿ ನೋಡಿಕೊಳ್ಳುವಳು. ೨೦೨೩ರ ಏಪ್ರಿಲ್ ೨ರಂದು ನಮ್ಮ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆಯವರು ಹೆಲಿಕಾಪ್ಟರಿನಿಂದ ಬಿಟ್ಟ ರೆಕ್ಕೆಯುಳ್ಳ ಆಕಾಶವಾಹನವು ತಾನಾಗಿಯೇ ಬಂದು ಓಡುದಾರಿಗೆ ಇಳಿಯಿತು. ನಮ್ಮ ಮಕ್ಕಳು ಬಹಳ ಹೆಮ್ಮೆಪಟ್ಟರು; ನಾನೂ ಪಟ್ಟೆನು. ಅದೇ ತಾಲ್ಲೂಕಿನಲ್ಲಿ ಒಂದು ಬಿಂದಿಗೆ ಒಳ್ಳೆಯ ನೀರು ಮನೆಗೆ ತಾನಾಗಿ ಬಂದು ಇಳಿಯುವ ವಿದ್ಯೆಯು ಇನ್ನೂ ಎಲ್ಲರಿಗೂ ಸಿದ್ಧಿಸಿಲ್ಲವೆಂಬುದನ್ನು ಅವರ ಹೆಮ್ಮೆಗೆ ಭಂಗಬಾರದಂತೆ ಮನಸ್ಸಿನಲ್ಲೇ ಇಟ್ಟುಕೊಂಡೆನು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಮೊಳಕಾಲ್ಮೂರಿನ ಕಡೆಯ ನೇಕಾರರ ಮನೆಯ ಬಾಲಿಕೆಯೊಬ್ಬಳಿದ್ದಳು. ಮಧ್ಯಾಹ್ನದ ಮೊದಲನೆಯ ಪಾಠದಲ್ಲಿ ಅವಳು ತಪ್ಪದೆ ತೂಕಡಿಸುವಳು. ನಾನು ಅವಳನ್ನು ಎರಡು ಬಾರಿ ನಿಲ್ಲಿಸಿ, ಮೂರನೆಯ ಬಾರಿ ಎಲ್ಲರ ಮುಂದೆ ಸೋಮಾರಿಯೆಂದು ಗದರಿದೆನು. ಅವಳು ಅಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಆ ತಿಂಗಳು ರಕ್ತಪರೀಕ್ಷೆಗಾಗಿ ಬಂದಿದ್ದ ದಾದಿಯು ಅವಳ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿ, “ಅಮ್ಮಾ, ಇವಳು ಶಾಲೆಗೆ ನಡೆದು ಬರುವುದೇ ಆಶ್ಚರ್ಯ” ಎಂದಳು. ಹದಿಹರೆಯದ ಹುಡುಗಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ನು ಡೆಸಿಲೀಟರಿಗೆ ೧೨ ಗ್ರಾಮಿಗಿಂತ ಕಡಮೆಯಾದರೆ ರಕ್ತಹೀನತೆಯೆನ್ನುವರು. ಅವಳದು ಎಂಟನ್ನೂ ಮುಟ್ಟಿರಲಿಲ್ಲ.

ಅವಳ ಮನೆಗೆ ಹೋದೆನು. ತಂದೆಯು ಗುಂಡಿಯೊಳಗೆ ಕಾಲಿಳಿಬಿಟ್ಟು ಮಗ್ಗದಲ್ಲಿ ಕುಳಿತಿದ್ದರು. ನೂಲು ಸಾಹುಕಾರರದು, ಸೀರೆಯೊಂದಕ್ಕೆ ಇಷ್ಟೆಂದು ಕೂಲಿ. ಆ ಕೂಲಿಯು ನೇಯುವವನ ಹೆಸರಿಗೆ ಬರುತ್ತದೆ. ಆದರೆ ನೇಯ್ಗೆಯು ಒಬ್ಬನ ಕೆಲಸವಲ್ಲ. ನೂಲು ಬಿಡಿಸುವವಳು ತಾಯಿ, ಕಂಡಿಕೆ ಸುತ್ತುವವಳು ಮಗಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಗ್ಗಕ್ಕೆ ಆ ದಿನಕ್ಕೆ ಬೇಕಾದ ಕಂಡಿಕೆಗಳನ್ನೆಲ್ಲ ಸುತ್ತಿಟ್ಟು, ನೀರು ತಂದು, ಬಳಿಕ ಬಸ್ಸು ಹಿಡಿಯುತ್ತಿದ್ದವಳನ್ನು ನಾನು ಸೋಮಾರಿಯೆಂದಿದ್ದೆನು. ಊಟದ ವಿಷಯವನ್ನು ಕೇಳಿದಾಗ ಅವಳ ಅಜ್ಜಿಯು ಸ್ವಲ್ಪ ಅಸಮಾಧಾನದಿಂದಲೇ, “ಟೀಚರಮ್ಮಾ, ದುಡಿಯೋ ಗಂಡಸಿಗೆ ಇಕ್ಕದೆ ಹೆಣ್ಣುಮಕ್ಕಳಿಗೆ ಮೊದಲು ಇಕ್ಕೋದುಂಟಾ?” ಎಂದರು. ಆ ಮುದುಕಿಯ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಮಗನ ಕೈ ನಿಂತರೆ ಮನೆಯೇ ನಿಲ್ಲುವುದೆಂಬ ಭಯವಿತ್ತು. ತಾವು ಸೊಸೆಯಾಗಿದ್ದಾಗ ತಳ ಹತ್ತಿದ ಪಾತ್ರೆಯನ್ನು ಕೆರೆದು ತಿಂದದ್ದನ್ನೂ ಅವರೇ ಹೇಳಿದರು. ಆದರೆ ಆ ಲೆಕ್ಕದಲ್ಲಿ ಕಂಡಿಕೆ ಸುತ್ತುವವಳು ದುಡಿಯುವವಳೆಂದು ಎಣಿಕೆಯಾಗಿರಲಿಲ್ಲ. ಕಾಳು, ಸೊಪ್ಪು, ಅಪರೂಪಕ್ಕೆ ಬಂದ ಮೊಟ್ಟೆ ಇವೆಲ್ಲ ಮೊದಲ ಪಂಕ್ತಿಯಲ್ಲೇ ಮುಗಿದು, ಕೊನೆಗೆ ಉಣ್ಣುವವರಿಗೆ ಅನ್ನ, ತಿಳಿಸಾರು, ಅದರ ಮೇಲೊಂದು ಲೋಟ ಚಹ ಉಳಿಯುತ್ತಿದ್ದುವು. ಊಟದೊಡನೆ ಕುಡಿದ ಚಹವು ಅನ್ನದಲ್ಲಿರುವ ಅಲ್ಪಸ್ವಲ್ಪ ಕಬ್ಬಿಣಾಂಶವನ್ನೂ ದೇಹಕ್ಕೆ ಹತ್ತಗೊಡುವುದಿಲ್ಲವೆಂಬುದನ್ನು ನಾನು ಪಾಠದಲ್ಲಿ ಹೇಳಿಕೊಟ್ಟಿದ್ದೆನು. ಪರೀಕ್ಷೆಯಲ್ಲಿ ಅವಳು ಸರಿಯಾಗಿಯೇ ಬರೆದಿದ್ದಳು.

ಇದು ಒಂದು ಮನೆಯ ಕಥೆಯಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ಭಾರತದಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಪುರುಷರಲ್ಲಿ ೨೫ ಮಂದಿಗೆ. ಕರ್ನಾಟಕದ ಸ್ತ್ರೀಯರಲ್ಲಿ ಸುಮಾರು ೪೮. ಈ ಅಂತರದಲ್ಲಿ ಒಂದು ಭಾಗವು ಪ್ರಕೃತಿಯದು. ಮುಟ್ಟು, ಬಸುರು, ಬಾಣಂತನಗಳು ರಕ್ತವನ್ನು ಬೇಡುತ್ತವೆ. ಆದರೆ ಹೆಚ್ಚು ಬೇಕಾದವಳಿಗೆ ಹೆಚ್ಚು ಬಡಿಸುವುದು ನ್ಯಾಯವಾದ ಗೃಹಕೃತ್ಯ. ನಾವು ನಡೆಸುತ್ತಿರುವುದು ಅದಕ್ಕೆ ವಿರೋಧವಾದುದು.

ಇನ್ನು ನೀರಿನ ವಿಷಯ. ನಮ್ಮ ಸೀಮೆಯಲ್ಲಿ ಆರೋಗ್ಯದ ಮಾತೆಂದರೆ ಅರ್ಧಭಾಗ ನೀರಿನ ಮಾತೇ ಆದುದರಿಂದ ಇದನ್ನು ವಿಸ್ತರಿಸಿಯೇ ಬರೆಯುತ್ತೇನೆ. ಇಲ್ಲಿನ ಬಂಡೆಗಳಲ್ಲಿ ಫ್ಲೋರೈಡ್ ಎಂಬ ಲವಣವುಂಟು. ಕೆರೆಬಾವಿಗಳು ಬತ್ತಿದಂತೆ ಕೊಳವೆಬಾವಿಗಳನ್ನು ಆಳಕ್ಕೆ ಕೊರೆಯುತ್ತ ಬಂದೆವು. ಆಳದ ನೀರು ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತು ಆ ಲವಣವನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿನವರೆಗೆ ಇದನ್ನು ತಾಳಬಹುದೆಂದು ಲೋಕದ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಈ ಮಿತಿಯನ್ನು ಮೀರಿದ ಕೊಳವೆಬಾವಿಗಳು ಅನೇಕ. ನಮಗೆ ಪೂರ್ವದಲ್ಲಿರುವ ನೆಲ್ಲೂರು ಜಿಲ್ಲೆಯಲ್ಲಿ ೧೯೩೭ರಲ್ಲೇ ವೈದ್ಯರು ಈ ರೋಗವನ್ನು ವರ್ಣಿಸಿದ್ದರು. ಎಳೆಯ ಮಗುವಿನ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಈ ನೀರನ್ನು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಬಳಿಕ ಎಷ್ಟು ಉಜ್ಜಿದರೂ ಹೋಗವು. ಬಹುವರ್ಷ ಕುಡಿದರೆ ಎಲುಬಿಗೂ ಇಳಿಯುತ್ತದೆ. ಕೀಲುಗಳು ಬಿಗಿಯುತ್ತವೆ, ಬೆನ್ನು ಬಗ್ಗದು, ಕೆಲವರಿಗೆ ಕಾಲುಗಳು ಸೊಟ್ಟಗಾಗುತ್ತವೆ. ನಲವತ್ತಕ್ಕೇ ಮುದುಕರಂತೆ ನಡೆಯುವವರನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ಯಾರು?

ಒಂದೇ ಬಾವಿಯ ನೀರನ್ನು ಊರೆಲ್ಲ ಕುಡಿಯುವಾಗ ಇದರಲ್ಲಿ ಬಡವ ಬಲ್ಲಿದರೆಂಬ ಭೇದವೆಲ್ಲಿಯದೆಂದು ಕೇಳಬಹುದು. ಭೇದವುಂಟು. ಸುಣ್ಣದ ಅಂಶವೂ ಸಿ ಜೀವಸತ್ವವೂ ಕಡಮೆಯಿರುವ ಊಟವನ್ನುಣ್ಣುವವರ ದೇಹದಲ್ಲಿ ಈ ವಿಷವು ಹೆಚ್ಚು ಹಾನಿಮಾಡುತ್ತದೆ. ಹಾಲು, ಮಜ್ಜಿಗೆ, ರಾಗಿ, ಸೊಪ್ಪು, ನಿಂಬೆ, ನೆಲ್ಲಿ ಇವು ಉಳ್ಳ ಮನೆಯ ಮಗುವಿಗೆ ಒಂದಿಷ್ಟು ರಕ್ಷಣೆಯುಂಟು. ಬರಿಯ ಅನ್ನ ಸಾರಿನ ಮಗುವಿಗೆ ಅದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದ ಅಂಶವಿದ್ದರೆ ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತರ ಸಮೀಪ. ಪಡಿತರದ ಅಕ್ಕಿಯು ಹಸಿವನ್ನು ನೀಗಿಸಿದೆ. ಅದನ್ನು ಹಳಿಯುವವಳು ನಾನಲ್ಲ. ಆದರೆ ರಾಗಿ, ನವಣೆ, ಸಜ್ಜೆಗಳು ಬಡವರ ತಿನಿಸೆಂಬ ನಾಚಿಕೆಯಿಂದ ಅವನ್ನು ಮನೆಯಿಂದ ಹೊರಡಿಸಿದ್ದು ನಮ್ಮ ಅವಿವೇಕವೇ ಸರಿ.

ಮನೆಯೊಳಗೂ ಭೇದವುಂಟು. ಈಗ ಅನೇಕ ಊರುಗಳಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ತುಂಗಭದ್ರೆಯ ಹಿನ್ನೀರನ್ನು ಈ ಸೀಮೆಗೆ ತರುವ ಯೋಜನೆಯನ್ನೂ ಸರ್ಕಾರವು ಕೈಗೊಂಡಿತು. ನಾನು ಭೇಟಿಯಿತ್ತ ಮನೆಗಳಲ್ಲಿ ಆ ಕ್ಯಾನಿನ ನೀರು ಪಡಸಾಲೆಯಲ್ಲಿರುತ್ತದೆ. ಯಜಮಾನರಿಗೂ ಬಂದವರಿಗೂ ಅದರಿಂದಲೇ ಕೊಡುವರು. ಅಡಿಗೆಯು ಬೋರಿನ ನೀರಿನಲ್ಲಿ. ಹಿಟ್ಟಿಗೆ ಎಸರಿಟ್ಟ ನೀರಿನಲ್ಲಿರುವ ಫ್ಲೋರೈಡು ಮುದ್ದೆಯೊಳಗೇ ಸೇರಿಬಿಡುತ್ತದೆ. ಕಾಯಿಸಿದರೆ ದೋಷ ಹೋಗುವುದೆಂಬ ನಂಬಿಕೆಯಿಂದ ಮಗುವಿಗೆ ಬೋರಿನ ನೀರನ್ನೇ ಕಾಯಿಸಿ ಕುಡಿಸುವ ತಾಯಂದಿರನ್ನು ಕಂಡಿದ್ದೇನೆ. ಕಾಯಿಸುವುದರಿಂದ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದುಕಾರಣ, ಕ್ಯಾನು ಒಂದೇ ಇರುವ ಮನೆಯಲ್ಲಿ ಅದರ ಮೊದಲ ಹಕ್ಕು ಎಂಟು ವರ್ಷದೊಳಗಿನ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಸೇರಬೇಕು. ಅವರ ಮುದ್ದೆಗೂ ಅನ್ನಕ್ಕೂ ಅದೇ ನೀರಿನ ಎಸರಿಡಬೇಕು. ಅತಿಥಿಯು ಒಂದು ಲೋಟ ಬೋರಿನ ನೀರು ಕುಡಿದು ಹೋದರೆ ಅವನ ಎಲುಬಿಗೆ ಏನೂ ಆಗದು.

ಕಳೆದ ವರ್ಷ ಹತ್ತನೆಯ ತರಗತಿಯ ಭಾವಚಿತ್ರ ತೆಗೆಯುವಾಗ ಫೋಟೋದವನು ಎಲ್ಲರಿಗೂ ನಗಿರಿ ಎಂದನು. ಮುಂದಿನ ಸಾಲಿನಲ್ಲಿ ಹಲವರು ತುಟಿಬಿಗಿದೇ ನಕ್ಕರು. ಅವರಲ್ಲೊಬ್ಬಳಿಗೆ ಹಲ್ಲಿನ ಕಂದು ಪಟ್ಟೆಯ ಕಾರಣದಿಂದ ಬಂದ ಸಂಬಂಧವೊಂದು ತಪ್ಪಿತೆಂದು ತಾಯಿಯು ಕಣ್ಣೀರಿಟ್ಟಳು. ಸಂಬಂಧವು ತಪ್ಪಿದುದಕ್ಕೆ ನಾನು ಮನಸ್ಸಿನಲ್ಲಿ ದೇವರಿಗೆ ಸ್ತೋತ್ರ ಮಾಡಿದೆನು, ಯಾಕಂದರೆ ಹುಡುಗಿಗೆ ಆಗ ಹದಿನಾರು.

ಈ ಮದುವೆಯ ಮಾತನ್ನು ಆರೋಗ್ಯದ ಲೇಖನದಲ್ಲಿ ತರುವುದು ಅಪ್ರಸ್ತುತವಲ್ಲ. ಮೈಸೂರು ಸಂಸ್ಥಾನವು ೧೮೯೪ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ವಿವಾಹವನ್ನು ನಿಷೇಧಿಸಿತು. ಅಂದಿನಿಂದ ಕಾಯಿದೆಯ ವಯಸ್ಸು ಹದಿನೆಂಟಕ್ಕೆ ಏರಿದೆ. ಆದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ, ಕರ್ನಾಟಕದ ೨೦ರಿಂದ ೨೪ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೨೧ ಮಂದಿ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾದವರೆಂದು ಕಂಡುಬಂದಿತು. ಇನ್ನೂ ಬೆಳೆಯುತ್ತಿರುವ ದೇಹವು ಬಸುರಾದರೆ ಬಂದ ಆಹಾರಕ್ಕೆ ತಾಯಿಯೂ ಶಿಶುವೂ ಇಬ್ಬರೂ ಪಾಲುಗಾರರು. ಶಿಶುವು ತೂಕವಿಲ್ಲದೆ ಹುಟ್ಟುತ್ತದೆ.

ತೂಕವಿಲ್ಲದೆ ಹುಟ್ಟಿದರೇನಾಯಿತು, ಬದುಕಿದರಾಯಿತು, ಎನ್ನುವವರಿಗೆ ಮೈಸೂರಿನ ಒಂದು ಸಂಗತಿಯನ್ನು ಹೇಳುತ್ತೇನೆ. ಅಲ್ಲಿ ೧೯೦೬ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ೧೯೩೪ರಿಂದ ಮೊದಲ್ಗೊಂಡು ಅಲ್ಲಿ ಹುಟ್ಟಿದ ಶಿಶುಗಳ ತೂಕವನ್ನು ಕ್ರಮವಾಗಿ ಬರೆದಿಟ್ಟರು. ಅದನ್ನು ಬರೆದವರಿಗೆ ಮುಂದೆ ಯಾರು ಅದನ್ನು ಓದುವರೆಂಬ ಕಲ್ಪನೆಯೂ ಇದ್ದಿರಲಾರದು. ಸುಮಾರು ಅರುವತ್ತು ವರ್ಷಗಳ ತರುವಾಯ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಅದೇ ಶಿಶುಗಳನ್ನು ನಡುವಯಸ್ಸಿನವರಾಗಿ ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ವರದಿಯಂತೆ, ನಲವತ್ತೈದು ದಾಟಿದವರಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಕದಿಂದ ಹುಟ್ಟಿದ್ದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳದ ರೋಗವಿದ್ದಿತು. ಸುಮಾರು ಮೂರು ಕಿಲೋವಿಗೆ ಮೇಲ್ಪಟ್ಟು ಹುಟ್ಟಿದ್ದವರಲ್ಲಿ ೩ ಮಂದಿಗೆ ಮಾತ್ರ. ತಾಯಿಯಾಗಲಿರುವ ಹುಡುಗಿಯ ತಟ್ಟೆಯಲ್ಲಿ ಇಂದು ಕಡಮೆಯಾದ ತುತ್ತು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಬರಬಹುದು. ಮಗನಿಗೆ ಮೊದಲ ತುತ್ತೆಂಬ ಅಜ್ಜಿಯ ಲೆಕ್ಕದಲ್ಲಿ ಮಗನಿಗೇ ನಷ್ಟವಿದೆ.

ಈ ಕಾರಣದಿಂದಲೇ ೨೦೧೭ರ ಅಕ್ಟೋಬರಿನಲ್ಲಿ ಸರ್ಕಾರವು ಮಾತೃಪೂರ್ಣವೆಂಬ ಯೋಜನೆಯನ್ನು ತೆಗೆದಾಗ, ಬಸುರಿ ಬಾಣಂತಿಯರಿಗೆ ಸಾಮಗ್ರಿಯನ್ನು ಮನೆಗೆ ಕೊಡುವುದಕ್ಕೆ ಬದಲಾಗಿ ಅಂಗನವಾಡಿಯಲ್ಲೇ ಕೂರಿಸಿ ಬಿಸಿಯೂಟ ಬಡಿಸಬೇಕೆಂದು ಗೊತ್ತುಮಾಡಿತು. ಮನೆಗೆ ಹೋದದ್ದು ಮನೆಯ ಪಾಲಾಗುತ್ತದೆಂಬುದನ್ನು ಸರ್ಕಾರವೂ ಅರಿತಿತ್ತು. ಆದರೆ ಬಸುರಿಯು ನಾಲ್ಕು ಜನರ ಎದುರಿಗೆ ಹೋಗಿ ಉಣ್ಣುವುದು ನಾಚಿಕೆಯೆಂದು ಅನೇಕ ಮನೆಗಳಲ್ಲಿ ಕಳುಹಿಸಲಿಲ್ಲ. ಅಲ್ಲಿ ಕೊಡುತ್ತಿದ್ದ ಚಿಕ್ಕಿಯು ಶೇಂಗಾದ್ದು. ಶೇಂಗಾ ಬೀಜದಲ್ಲಿ ಕಾಲುಭಾಗದಷ್ಟು ಸಾರಜನಕಾಹಾರವುಂಟು, ಮಾಂಸಕ್ಕೆ ಸಮವೆನ್ನಬಹುದು. ಅದನ್ನು ಬೆಳೆಯುವ ಮನೆಯಲ್ಲಿ ಸುಗ್ಗಿಯ ದಿನವೇ ಚೀಲಗಳು ಮಂಡಿಗೆ ಹೋಗುತ್ತವೆ, ಸಾಲ ಕಾಯ್ದಿರುತ್ತದೆ. ಒಂದು ಚೀಲವನ್ನು ಮನೆಯ ಮಕ್ಕಳಿಗೆಂದು ಉಳಿಸಿಕೊಂಡ ಕುಟುಂಬಗಳನ್ನು ನಾನು ಬಲ್ಲೆ. ಅಂಥ ಮನೆಗಳಲ್ಲಿ ಹೆಚ್ಚಾಗಿ ಲೆಕ್ಕದ ಚೀಟಿಯು ಹೆಂಗಸಿನ ಕೈಯಲ್ಲಿತ್ತು. ಬೂಷ್ಟು ಹಿಡಿದ ಕಾಯನ್ನು ಮಾತ್ರ ಮನೆಗೆಂದು ಇಟ್ಟುಕೊಳ್ಳುವ ಪದ್ಧತಿಯೂ ಉಂಟು. ಅದನ್ನು ಖಂಡಿತವಾಗಿ ಬಿಡಬೇಕು, ಆ ಬೂಷ್ಟಿನ ವಿಷವು ಯಕೃತ್ತಿಗೆ ಮಾರಕ.

ಇಷ್ಟು ಬರೆದ ಮೇಲೆ, ಎಲ್ಲ ದೋಷವನ್ನೂ ತಾಯಂದಿರ ಮತ್ತು ಅಜ್ಜಿಯರ ತಲೆಗೆ ಕಟ್ಟುತ್ತಿದ್ದೇನೆಂದು ಯಾರಾದರೂ ಎಣಿಸಿದರೆ ನನಗೆ ವ್ಯಸನವಾಗುವುದು. ಆರೋಗ್ಯಶಾಸ್ತ್ರದ ಉಪನ್ಯಾಸಗಳಲ್ಲಿ ಈ ಅನ್ಯಾಯವು ಧಾರಾಳವಾಗಿ ನಡೆಯುತ್ತದೆ: ಹಾಲು ಕುಡಿಸಿರಿ, ಹಣ್ಣು ಕೊಡಿರಿ, ಕಿಟಕಿ ತೆರೆಯಿರಿ ಎನ್ನುವರು, ಹಾಲಿಗೆ ಹಣವೆಲ್ಲಿ, ಕಿಟಕಿಯೇ ಇಲ್ಲದ ಮನೆಗೆ ತೆರೆಯುವುದೇನನ್ನು ಎಂದು ಕೇಳುವುದಿಲ್ಲ. ಕ್ಷಯರೋಗದ ವಿಷಯದಲ್ಲಿ ಇದಕ್ಕೊಂದು ಸ್ಪಷ್ಟ ಪ್ರಮಾಣವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ ಭಾರ್ಗವರೂ ಅವರ ಸಂಗಡಿಗರೂ ಝಾರ್ಖಂಡದಲ್ಲಿ ಕ್ಷಯರೋಗಿಗಳಿದ್ದ ಮನೆಗಳಿಗೆ ತಿಂಗಳು ತಿಂಗಳೂ ಆಹಾರದ ಪಡಿಯನ್ನು ಕೊಟ್ಟು ನೋಡಿದರು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೆಯವರೆಲ್ಲರಿಗೂ ಪಡಿ ಸಿಕ್ಕ ಕುಟುಂಬಗಳಲ್ಲಿ ಉಳಿದವರಿಗೆ ಹೊಸದಾಗಿ ರೋಗ ತಗುಲುವುದು ನೂರಕ್ಕೆ ಸುಮಾರು ೪೦ರಷ್ಟು ಕಡಮೆಯಾಯಿತು. ಅವರು ಕೊಟ್ಟದ್ದು ಉಪದೇಶವಲ್ಲ, ಊಟ. ಲಂಡನ್ ಪಟ್ಟಣದ ಸರ್ಕಾರಿ ನೌಕರರನ್ನು ೧೯೬೭ರಿಂದ ಪರೀಕ್ಷಿಸಿದವರೂ ಇದೇ ಜಾತಿಯ ಸಂಗತಿಯನ್ನು ಕಂಡರು: ಅವರಲ್ಲಿ ಹಸಿದವರು ಯಾರೂ ಇರಲಿಲ್ಲ, ಆದರೂ ಕೆಳದರ್ಜೆಯವರು ಮೇಲಿನವರಿಗಿಂತ ಬೇಗ ಸಾಯುತ್ತಿದ್ದರು, ನಡುವಣ ದರ್ಜೆಯವರು ನಡುವೆ. ಸ್ಥಾನಮಾನದ ಪ್ರತಿಯೊಂದು ಮೆಟ್ಟಿಲೂ ದೇಹಕ್ಕೆ ತಿಳಿಯುತ್ತದೆ. ಅದುಕಾರಣ ಕೂಲಿ ಹೆಚ್ಚಬೇಕು, ನೀರು ಬರಬೇಕು, ಮಗ್ಗದವನಿಗೆ ಸೀರೆಯ ಬೆಲೆಯಲ್ಲಿ ನ್ಯಾಯವಾದ ಭಾಗ ಸಿಗಬೇಕು. ಇವು ಮನೆಯೊಳಗಿನ ಸುಧಾರಣೆಯಿಂದ ಆಗುವ ಕೆಲಸಗಳಲ್ಲ.

ಮನೆಯೊಳಗೆ ಆಗಬೇಕಾದ ಕೆಲಸದಲ್ಲಿ ಹೆಣ್ಣುಮಕ್ಕಳ ವಿದ್ಯೆಯ ಪಾತ್ರವೇನೆಂಬುದು ಉಪಾಧ್ಯಾಯಿನಿಯಾದ ನನಗೆ ಸಹಜವಾಗಿ ಮುಖ್ಯವಾದ ಪ್ರಶ್ನೆ. ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು ೧೯೭೯ರಲ್ಲಿ ನೈಜೀರಿಯ ದೇಶದ ಅಂಕಿಗಳಿಂದ, ಶಿಶುವಿನ ಉಳಿವಿಗೆ ತಂದೆಯ ಕಸುಬಿಗಿಂತ ತಾಯಿಯ ಶಿಕ್ಷಣವು ಹೆಚ್ಚು ಸಹಾಯಕವೆಂದು ತೋರಿಸಿದರು. ತರುವಾಯ ಅವರು ಪಿ. ಎಚ್. ರೆಡ್ಡಿಯವರೊಡನೆ ನಮ್ಮ ಕರ್ನಾಟಕದ ದಕ್ಷಿಣಭಾಗದ ಹಳ್ಳಿಗಳಲ್ಲಿಯೇ ಈ ವಿಷಯವನ್ನು ವಿಚಾರಿಸಿದರು. ಮಗುವಿಗೆ ಜ್ವರ ಬಂದರೆ ಮೊದಲು ಕಾಣುವವಳು ಎಳೆಯ ತಾಯಿ. ಆದರೆ ಅದು ಆಸ್ಪತ್ರೆಗೆ ತಕ್ಕ ಜ್ವರವೇ ಅಲ್ಲವೇ ಎಂದು ಹೇಳುವ ಅಧಿಕಾರ ಅತ್ತೆಯದು, ಮಾವನದು. ಓದಿದ ಸೊಸೆಯು ಬಾಯಿಬಿಟ್ಟು ಹೇಳುತ್ತಾಳೆ, ಅತ್ತೆಯೂ ಅವಳ ಮಾತಿಗೆ ಬೆಲೆಕೊಡುತ್ತಾಳೆ. ವೈದ್ಯರು ಹೇಳಿದ್ದನ್ನು ಮರುದಿನವೂ ಪಾಲಿಸುತ್ತಾಳೆ. ನಾವು ಕಲಿಸುವ ಬೀಜಗಣಿತದಿಂದ ಇದು ಹೇಗೆ ಉಂಟಾಗುತ್ತದೆಂಬುದು ನನಗೂ ಪೂರ್ತಿಯಾಗಿ ತಿಳಿಯದು. ಉಂಟಾಗುವುದನ್ನು ಮಾತ್ರ ನಮ್ಮ ಪೂರ್ವ ವಿದ್ಯಾರ್ಥಿನಿಯರ ಮನೆಗಳಲ್ಲಿ ನೋಡಿದ್ದೇನೆ.

ಅಜ್ಜಿಯರ ಪಕ್ಷವಾಗಿಯೂ ಒಂದು ಮಾತು ಹೇಳಲೇಬೇಕು. ದಕ್ಷಿಣ ಆಫ್ರಿಕದಲ್ಲಿ ಮುದಿತನದ ಪಿಂಚಣಿಯನ್ನು ಎಲ್ಲರಿಗೂ ವಿಸ್ತರಿಸಿದಾಗ, ಅದು ಅಜ್ಜನ ಕೈಗೆ ಬಂದ ಮನೆಗಳಿಗೂ ಅಜ್ಜಿಯ ಕೈಗೆ ಬಂದ ಮನೆಗಳಿಗೂ ಇದ್ದ ವ್ಯತ್ಯಾಸವನ್ನು ಎಸ್ತೆರ್ ಡುಫ್ಲೊ ಎಂಬ ಅರ್ಥಶಾಸ್ತ್ರಜ್ಞೆಯು ಅಳೆದು ೨೦೦೩ರಲ್ಲಿ ಪ್ರಕಟಿಸಿದರು. ಅಜ್ಜಿಯ ಪಿಂಚಣಿಯಿಂದ ಮೊಮ್ಮಗಳ ಮೈತುಂಬಿತು. ಅಜ್ಜನದರಿಂದ ಅಂಥ ಬದಲಾವಣೆ ಕಾಣಲಿಲ್ಲ. ೨೦೨೩ರಿಂದ ನಮ್ಮಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು ಬಂದಾಗ, ಆ ಹಣವನ್ನು ಏನು ಮಾಡಿದಿರೆಂದು ತಾಯಂದಿರ ಸಭೆಯಲ್ಲಿ ಕೇಳಿದೆನು. ಒಬ್ಬಾಕೆ ಚೀಟಿ ಕಟ್ಟಿದ್ದಳು, ಇಬ್ಬರು ಗಂಡನಿಗೆ ಕೊಟ್ಟಿದ್ದರು. ಒಬ್ಬ ಅಜ್ಜಿಯು, “ಮೊಮ್ಮಗಳಿಗೆ ದಿನಕ್ಕೊಂದು ಮೊಟ್ಟೆ ಗೊತ್ತುಮಾಡಿವ್ನಿ, ಯಾರಿಗೂ ಹೇಳಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಂಡಿಕೆ ಸುತ್ತುತ್ತಿದ್ದ ಬಾಲಿಕೆಯ ಅಜ್ಜಿಯೇ ಅವರು. ಆ ಮೊಮ್ಮಗಳು ಅವಳ ತಂಗಿ.

ಒಂದು ಕಠಿಣವಾದ ವಿಷಯವನ್ನು ಬಿಟ್ಟುಹೋಗಲಾರೆ. ನಮ್ಮ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯುಂಟು. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆಯಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಕೂಸು ಶೀತ ಹಿಡಿದು ತೀರಿಹೋಯಿತು. ಇಂಥ ಬಹಿಷ್ಕಾರವನ್ನು ೨೦೧೭ರ ಕಾಯಿದೆಯು ಅಪರಾಧವೆಂದು ಹೇಳುತ್ತದೆ. ಆದರೆ ಆ ಹಟ್ಟಿಗಳ ಹೆಣ್ಣುಮಕ್ಕಳು ನಮ್ಮ ಶಾಲೆಯಲ್ಲಿ ಓದುತ್ತಿರುವರು; ಮಿಕ್ಕವರು ಅವರನ್ನು ಹೀಯಾಳಿಸುವುದನ್ನು ನಾನು ಸಹಿಸುವುದಿಲ್ಲ. ತಮ್ಮ ಮನೆಯ ಮೂಲೆಯಲ್ಲಿ ಮಗಳನ್ನು ಮೂರು ದಿನ ಚಾಪೆಯ ಮೇಲೆ ಕೂರಿಸಿ, ಪಾಠಕ್ಕೂ ಕಳುಹಿಸದೆ, ಬೇರೆ ತಟ್ಟೆಯಲ್ಲಿ ಉಳಿದದ್ದನ್ನು ಹಾಕುವ ವಿದ್ಯಾವಂತರು ಪಟ್ಟಣದಲ್ಲಿಯೇ ಇದ್ದಾರೆ. ನಾಲ್ಕು ದಿನ ಪಾಠ ತಪ್ಪಿದ ಹುಡುಗಿಯ ಹಾಜರಿಯ ಸಾಲು ಪ್ರತಿ ತಿಂಗಳೂ ಒಂದೇ ರೀತಿಯಲ್ಲಿರುವುದನ್ನು ಕಂಡರೆ ನಮಗೆ ಕಾರಣವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಪ್ರತಿ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ದು ಅಶೋಕನ ಶಾಸನವನ್ನು ತೋರಿಸುತ್ತೇವೆ. ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂದು ಅದರಲ್ಲಿದೆಯೆಂದಾಗ, “ತಂದೆತಾಯಿ ಏನು ಮಾಡಬೇಕೆಂದು ಇಲ್ಲವಾ, ಅಮ್ಮಾ?” ಎಂದು ಒಬ್ಬಳು ಕೇಳಿದಳು. ಬಂಡೆಯಲ್ಲಿ ಜಾಗ ಸಾಲಲಿಲ್ಲವೇನೋ ಎಂದು ಹೇಳಿ ಮುಂದಕ್ಕೆ ಕರೆದುಕೊಂಡು ಹೋದೆನು.

ಈ ವರ್ಷ ದಾಖಲಾತಿಯ ರಿಜಿಸ್ಟರಿನಲ್ಲಿ ತಂದೆಯ ಉದ್ಯೋಗದ ಪಕ್ಕದಲ್ಲಿ ತಾಯಿಯ ಉದ್ಯೋಗವೆಂಬ ಅಂಕಣವನ್ನು ಗೆರೆಯೆಳೆಸಿದ್ದೇನೆ. ತೂಕದ ಯಂತ್ರವನ್ನು ತಾಯಂದಿರ ಸಭೆಯ ದಿನ ಹೊರಗೆ ಇಡುತ್ತೇವೆ. ಬೇಕೆಂದವರು ತಾವೂ ಹತ್ತಿ ನೋಡಬಹುದು. ಜೂನ್ ತಿಂಗಳಲ್ಲಿ ಮೊದಲ ದಿನ ಮಗಳನ್ನು ಸೇರಿಸಲು ಬಂದ ಒಬ್ಬ ಗೃಹಸ್ಥರು ಆ ಪ್ರಶ್ನೆಗೆ, “ಏನೂ ಇಲ್ಲ ಸಾರ್, ಮನೇಲಿರ್ತಾಳೆ” ಎಂದರು. ಅವರ ಬೆನ್ನ ಹಿಂದೆ ಆಕೆ ನಿಂತಿದ್ದಳು. ವರ್ಷವರ್ಷವೂ ಕೂಲಿಗೆ ಶೇಂಗಾ ಬಿಡಿಸಿ ಆಕೆಯ ಬೆರಳ ತುದಿಗಳು ಸೀಳಿದ್ದುವು. ಗುಮಾಸ್ತರು ಪೆನ್ನು ಹಿಡಿದು ನನ್ನ ಮುಖವನ್ನು ನೋಡಿದರು. ಏನೇನು ಕೆಲಸ ಮಾಡುತ್ತೀಯಮ್ಮಾ ಎಂದು ನಾನು ಆಕೆಯನ್ನೇ ಕೇಳಿದೆನು. ಆಕೆ ಒಂದೊಂದಾಗಿ ಹೇಳುತ್ತ ಹೋದಳು; ಅಂಕಣವು ಸಾಲದೆ ಗುಮಾಸ್ತರು ಹಾಳೆಯ ಅಂಚಿನಲ್ಲಿ ಬರೆದುಕೊಂಡರು.